ಎದೆಯುರಿಯ ಆರೋಪಿಗಳು

ನಮ್ಮ ಮಾಮಾ ಮಜ್ಜಿಗೆಯನ್ನೂ ನಂಬುತ್ತಿರಲಿಲ್ಲ! ಪಾಪದ ಮಜ್ಜಿಗೆ, ಅದು ಯಾರಿಗೆ ಏನು ಕೇಡು ಮಾಡೀತು ಎಂದು ನೀವು ಕೇಳಬಹುದು. ನಾನೂ ಒಮ್ಮೆ ಹಾಗೇ ಕೇಳಿ ಸಿಕ್ಕಿಹಾಕಿಕೊಂಡಿದ್ದೆ.

"ಅಕ್ಕೋರ, ಮಜ್ಜಿಗಿ ಮದಲ ಏನಿತ್ತು?"

"ಮೊಸರ್ರಿ ಮಾಮಾ."

"ಅದಕ್ಕ ಮದಲ?"

"ಹಾಲ."

"ನೋಡ ಮತ್ತ! ಒಂದ ದಿನದಾಗ ಇಷ್ಟ ಸಲಾ ಹೆಸರ ಬದಲ ಮಾಡಿದ್ದನ್ನ ಹೆಂಗ ನಂಬ್ತಿ? ಮನಶ್ಯಾ ಹಿಂಗ ಮಾಡಿದ್ರ ಪೊಲೀಸರ ಬಿಡ್ತಾರೇನ?"

ಇದಕ್ಕೆ ಯಾವ ಟ್ರೇನಿಂಗ್ ಕಾಲೇಜಿನಲ್ಲೂ ಉತ್ತರ ಕಲಿಸಿರಲಿಲ್ಲ. ಎಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಅಥಣಿ ತಾಲೂಕಿನ ಅನಂತಪುರದ ಕಡೆ ನನಗೆ ಶಾಲೆ ಮಾಸ್ತರಿಕೆ ಸಿಕ್ಕಿತ್ತು. ಅಲ್ಲೇ ನನ್ನ ಅವ್ವನ ತವರುಮನೆ ಇದ್ದುದರಿಂದ ಗಂಟುಮೂಟೆ ಕಟ್ಟಿಕೊಂಡು ಸೋದರಮಾವನ ಮನೆಗೇ ಹೋಗಿ ಇಳಿದೆ. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಮಾಮಾ ಮೊದಮೊದಲು ಚೇಷ್ಟೆಗೆಂದು ಹಾಗೆ ಕರೆದರು, ಆಮೇಲೆ ಅದೇ ರೂಢಿಯಾಯಿತು. ಮನೆಯಲ್ಲಿ ಇದ್ದವರು ಮಾಮಾ, ಮಾಮಿ ಮತ್ತು ಮಾಮಾನ ತಾಯಿ, ಅಂದರೆ ನಾವು ಆಯಿ ಎನ್ನುವ ನನ್ನ ಅಜ್ಜಿ. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದರು. ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು, ಎಮ್ಮೆಗಳು, ಊರಲ್ಲಿ ಸಾವಕಾರ ಎಂಬ ಹೆಸರು. ಹೀಗೆ ಎಲ್ಲ ಇದ್ದ ಮನುಷ್ಯನಿಗೆ ಒಂದೇ ಒಂದು ಇರಲಿಲ್ಲ: ನಂಬಿಕೆ.

ಬಸ್ಸಿನ ಮೇಲೆ ಅಥಣಿ ಎಂದು ಬೋರ್ಡಿದ್ದರೂ ಮಾಮಾ ಕಂಡಕ್ಟರನನ್ನು ಕೇಳುವರು. ಅವನು ಹೌದೆಂದರೆ ಡ್ರೈವರನನ್ನು ಕೇಳುವರು. ಅವನೂ ಹೌದೆಂದರೆ ಒಳಗೆ ಕೂತವರ ಮುಖವನ್ನೆಲ್ಲ ನೋಡಿ, ಇವರು ಅಥಣಿಗೆ ಹೋಗುವ ಜನರೇ ಎಂದು ಖಾತ್ರಿಯಾದ ಮೇಲೆ ಹತ್ತುವರು. ಎತ್ತು ಕೊಳ್ಳಲು ಹೋದಾಗ ಎತ್ತಿನ ಹಲ್ಲು ನೋಡಿದ್ದು ಸರಿ, ಎಲ್ಲರೂ ನೋಡುತ್ತಾರೆ. ಇವರು ಮಾರುವವನಿಗೂ "ಜರಾ ಬಾಯಿ ತಗಿಯೋ" ಅಂದರಂತೆ! "ಎತ್ತಿನ ವಯಸ್ಸ ಎತ್ತ ಹೇಳತೈತಿ. ಇಂವ ಎಷ್ಟ ವರ್ಸದಿಂದ ಸುಳ್ಳ ಹೇಳಾಕತ್ತಾನ ಅನ್ನೂದು ಯಾರ ಹೇಳಬೇಕ?"

ಇಂಥವರಿಗೆ ಎದೆಯುರಿ ಶುರುವಾಯಿತು.

ಬಂದದ್ದು ಬಂತು, ಹಗಲು ಹೊತ್ತಾದರೂ ಬರಬಾರದಿತ್ತೇ? ಹಗಲೆಲ್ಲ ಮಾಮಾ ಗಟ್ಟಿಮುಟ್ಟು. ತೋಟ ತಿರುಗುವರು, ಆಳುಗಳ ಮೇಲೆ ಕೂಗಾಡುವರು, ಪಂಚಾಯತಿ ಕಟ್ಟೆಯಲ್ಲಿ ಯಾರನ್ನೂ ನಂಬದೆ ಕೂತಿರುವರು. ರಾತ್ರಿ ಹಾಸಿಗೆಗೆ ಬೆನ್ನು ತಾಗಿಸಿದರೋ ಇಲ್ಲವೋ, ಹೊಟ್ಟೆಯಿಂದ ಹುಳಿ ಏರಿ ಗಂಟಲಿಗೆ ಬರುತ್ತಿತ್ತು. ಎದ್ದು ಕೂತು ತೇಗುವರು. ಆ ತೇಗಿಗೆ ಹಿತ್ತಲಿನ ಎಮ್ಮೆ ಎದ್ದು ನಿಲ್ಲುತ್ತಿತ್ತು. ಮಾಮಿಯ ನಿದ್ದೆ ಕೆಡಬಾರದೆಂದು ಮಾಮಾ ತಮ್ಮ ಮಂಚವನ್ನು ಹೊರಗಿನ ಪಡಸಾಲೆಗೆ ಸಾಗಿಸಿಕೊಂಡರು. ಬೆಳಗ್ಗೆ ಎದ್ದು ನಮ್ಮನ್ನೆಲ್ಲ ಸಾಲಾಗಿ ನೋಡುವರು. ಆ ನೋಟಕ್ಕೆ ತಪ್ಪು ಮಾಡದವರೂ ತಲೆ ತಗ್ಗಿಸಬೇಕು.

"ಖರೇ ರೋಗ ಹಗಲಿಗೇ ಬರತೈತಿ," ಎಂದರು ಒಂದು ಮುಂಜಾನೆ. "ರಾತ್ರಿ ಬರಾಂವ ಕಳ್ಳ. ಇದರಾಗ ಯಾರದೋ ಕೈ ಐತಿ."

ಮೊದಲ ಆರೋಪಿ ಮಾಮಿ. ಅಡುಗೆಮನೆ ಅವಳದು, ಕೈಯೂ ಅವಳದೇ, ಮತ್ತೆ ಇನ್ನೇನು ಬೇಕು? ಮಾಮಾ ಮಣೆ ಹಾಕಿಕೊಂಡು ಒಲೆಯ ಎದುರು ಕೂತುಬಿಟ್ಟರು. ಎಣ್ಣೆ ಎಷ್ಟು, ಖಾರ ಎಷ್ಟು, ಬೆಳ್ಳುಳ್ಳಿ ಯಾಕೆ, ಒಗ್ಗರಣೆ ಅಷ್ಟು ಜೋರಾಗಿ ಸಿಡಿದದ್ದೇಕೆ ಎಂದು ವಿಚಾರಣೆ. ಗಂಗಾಳಕ್ಕೆ ಬಡಿಸಿದ ಮೇಲೆ ಕೈ ಕಟ್ಟಿ ಕೂತು, "ಮದಲ ನೀ ಒಂದ ತುತ್ತ ತಿನ್ನ" ಅಂದರು. ಮಾಮಿ ತಿಂದಳು. ಇನ್ನೊಂದು ತುತ್ತು ತಿಂದಳು. ಸುಮ್ಮನೆ ತಿನ್ನುತ್ತಲೇ ಹೋದಳು. ಗಂಗಾಳ ಖಾಲಿಯಾಗುವ ಹೊತ್ತಿಗೆ ಮಾಮಾನಿಗೆ ಎಚ್ಚರವಾಯಿತು.

"ಏ, ಏನ ಮಾಡಾಕತ್ತಿ?"

"ಪರೀಕ್ಷಾ ಮಾಡಾಕತ್ತೇನ್ರಿ. ಅಲ್ರಿ, ಮದಿವ್ಯಾಗಿ ಇಷ್ಟ ವರ್ಸಾತು, ನಾ ನಿಮಗ ವಿಷಾ ಹಾಕೂದಿದ್ರ ಇಷ್ಟ ದಿನಾ ಯಾಕ ಕಾಯ್ತಿದ್ನಿ? ಮದಲನೇ ವರ್ಸನ ಮುಗಿಸಿ ಕೈ ತೊಳಕೊಳ್ತಿದ್ನಿ!"

ಮಾಮಾ ಆ ರಾತ್ರಿ ಉಪವಾಸ ಮಲಗಿದರು. ತಮಾಷೆಯೆಂದರೆ, ಆ ರಾತ್ರಿಯೂ ಎದೆ ಉರಿಯಿತು! ಅನ್ನವೇ ಇಲ್ಲದ ಹೊಟ್ಟೆ ಯಾಕೆ ಉರಿಯಬೇಕು ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ಅನುಮಾನದ ಗುತ್ತಿಗೆಯನ್ನೆಲ್ಲ ಮಾಮಾ ಹಿಡಿದಿದ್ದ ಮನೆಯಲ್ಲಿ ಉಳಿದವರಿಗೆ ಅದರ ಅಭ್ಯಾಸ ಎಲ್ಲಿಂದ ಬರಬೇಕು?

ಎರಡನೆಯ ಆರೋಪಿ ಎಮ್ಮೆ. ಅದು ಬದುವಿನ ಮೆಣಸಿನ ಗಿಡ ಮೇಯ್ದಿರಬೇಕೆಂದು ಮಾಮಾ ಒಂದು ದಿನ ಪೂರ್ತಿ ಅದರ ಹಿಂದೆ ತಿರುಗಿದರು. ಎಮ್ಮೆ ಹುಲ್ಲು ಮೇಯ್ದಿತು, ನೀರು ಕುಡಿಯಿತು, ಕೆಸರಿನಲ್ಲಿ ಮಲಗಿತು. ಸಂಜೆ ಮನೆಗೆ ಬಂದ ಮಾಮಾ, "ನಾ ನೋಡಾಕತ್ತೇನಿ ಅಂತ ಅದಕ್ಕ ಗೊತ್ತಾಗಿತ್ತ" ಎಂದರು. ಅದಾದ ಮೇಲೆ ಅವರು ನಂಬಿದ ಪಾನೀಯ ಪ್ರಪಂಚದಲ್ಲಿ ಒಂದೇ, ಬಸ್‌ಸ್ಟ್ಯಾಂಡಿನ ಗೋಲಿ ಸೋಡಾ. ಯಾಕೆಂದರೆ ಗೋಲಿ ಬಾಯಿಗೆ ಒತ್ತಿ ಕೂತಿದೆಯೆಂದರೆ ಒಳಗೆ ಯಾರೂ ಕೈ ಹಾಕಿಲ್ಲ! ಆ ಸೋಡಾ ಕುಡಿದು ತೇಗು ಇನ್ನಷ್ಟು ಬಲವಾಯಿತು ಎನ್ನುವುದು ಬೇರೆ ಮಾತು.

ಕೊನೆಗೆ ಮಾಮಿಯ ಕಾಟಕ್ಕೆ ಅಥಣಿಯ ಡಾಕ್ಟರರ ಹತ್ತಿರ ಹೋದರು. ಜೊತೆಗೆ ನಾನೂ ಇದ್ದೆ. ಡಾಕ್ಟರು ಒಳ್ಳೆಯವರು. ಹೊತ್ತು ಮುಳುಗುವ ಮೊದಲೇ ಉಣ್ಣಿರಿ, ಉಂಡ ಕೂಡಲೇ ಮಲಗಬೇಡಿರಿ, ಖಾರ ಎಣ್ಣೆ ಬಿಡಿರಿ, ಮಂಚದ ತಲೆಕಡೆ ಇಟ್ಟಿಗೆ ಇಟ್ಟು ಎತ್ತರ ಮಾಡಿಕೊಳ್ಳಿರಿ, ಈ ಗುಳಿಗೆ ಅಗಿದು ತಿನ್ನಿರಿ ಎಂದರು. ಆಮೇಲೆ ದನಿ ತಗ್ಗಿಸಿ, "ಹಿಂಗ ಬಿಟ್ರ ಅನ್ನದ ಕೊಳವಿಯೊಳಗ ಹುಣ್ಣ ಆಗತಾವ ನೋಡ್ರಿ ಸಾವಕಾರ. ಕಡಿಮಿ ಆಗಲಿಲ್ಲಂದ್ರ ಮಿರಜಿಗೆ ಹೋಗಿ ದುರ್ಬೀನ ಹಾಕಿಸಬೇಕಾಗತೈತಿ. ಗಂಟಲದಾಗ ನಳಿ ಬಿಟ್ಟ ನೋಡತಾರ" ಎಂದರು.

ಗಂಟಲಲ್ಲಿ ನಳಿಗೆ! ಮಾಮಾನ ಮುಖದಲ್ಲಿ ನಾನು ಮೊದಲ ಸಲ ಹೆದರಿಕೆ ಕಂಡೆ. ತನ್ನ ಬಾಯಿಗೆ ತಾನೇ ತುತ್ತಿಡಲು ಹಿಂದೆಮುಂದೆ ನೋಡುವ ಮನುಷ್ಯ, ಯಾರೋ ಪರಸ್ಥಳದವನ ಕೈಯಿಂದ ನಳಿಗೆ ನುಂಗುವುದುಂಟೇ? ಆದರೆ ಹೊರಗೆ ಬಂದ ಕೂಡಲೇ ಅವರ ಮೂಲ ಗುಣ ಮರಳಿತು.

"ಅಕ್ಕೋರ, ನೋಡಿದೇನ? ಡಾಕ್ಟರ ಮಾತಾಡೂಮುಂದ ಒಮ್ಮಿ ತೇಗಿದ. ತನ್ನ ಹೊಟ್ಟಿ ತನಗ ದುರಸ್ತಿ ಮಾಡ್ಕೊಳ್ಳಾಕ ಬರವಲ್ತು!"

ಅಲ್ಲಿಗೇ ಬಿಡಲಿಲ್ಲ. ಚಿಕ್ಕೋಡಿಗೆ ಹೋಗಿ ಇನ್ನೊಬ್ಬ ಡಾಕ್ಟರರನ್ನು ಕಂಡರು. ಅವರೂ ಅದೇ ಮಾತು, ಅದೇ ಇಟ್ಟಿಗೆ, ಅದೇ ನಳಿಗೆ. ಬೇರೆ ಯಾರಾದರೂ ಆಗಿದ್ದರೆ, ಇಬ್ಬರೂ ಒಂದೇ ಹೇಳಿದರು ಅಂದಮೇಲೆ ನಿಜವಿರಬೇಕು ಎಂದುಕೊಳ್ಳುತ್ತಿದ್ದರು. ಮಾಮಾ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದರು: "ಇಬ್ಬರೂ ಒಂದ ಮಾತ ಹೇಳತಾರ ಅಂದ್ರ, ಒಳಗಿಂದೊಳಗ ಮಾತಾಡ್ಕೊಂಡಾರ."

ಆದರೂ ಗೊಣಗುತ್ತಲೇ ಪಥ್ಯ ಹಿಡಿದರು, ಗುಳಿಗೆ ಅಗಿದರು, ಇಟ್ಟಿಗೆಯನ್ನೂ ಇಟ್ಟರು. ಅದೂ ಸುಮ್ಮನೆ ಇಡಲಿಲ್ಲ, ಊರ ಗೌಂಡಿಯನ್ನು ಕರೆಸಿದರು. ಅವನು ಮಂಚದ ತಲೆಕಡೆ ಎತ್ತರ ಮಾಡಿದ. ಮಾಮಾ ಮಲಗಿ ನೋಡಿ, ಮಂಚದ ಬಲಗಾಲು ಒಂದು ಕೂದಲೆಳೆ ತಗ್ಗಿದೆ ಎಂದರು. ರಸಮಟ್ಟ ತರಿಸಿದರು. ಮಟ್ಟ ನೋಡಿದರೆ ಮಂಚ ಇಳಿಜಾರಾಗಿದೆ ಎಂದು ತಕರಾರು ತೆಗೆದರು. ಗೌಂಡಿ ಕೈಮುಗಿದು, "ಸಾವಕಾರ, ಇಳಿಜಾರ ಬೇಕೋ, ಮಟ್ಟ ಬೇಕೋ? ಎರಡೂ ಬೇಕಂದ್ರ ಮಂಚ ಅಲ್ರಿ, ಮಲಗಾವ್ರ ಬದಲಿ ಆಗಬೇಕ" ಎಂದ. ಆ ಇಳಿಜಾರಿನಲ್ಲಿ ಮಾಮಾ ರಾತ್ರಿ ತಲೆದಿಂಬಿನ ಹತ್ತಿರ ಶುರುಮಾಡಿ ಬೆಳಗಿನ ಹೊತ್ತಿಗೆ ಮಂಚದ ಕಾಲಕಡೆ ಗಂಟಾಗಿ ಸೇರಿರುತ್ತಿದ್ದರು. ರಾತ್ರಿ ಯಾರೋ ಕಾಲು ಹಿಡಿದು ಎಳೆಯುತ್ತಾರೆ ಎಂಬುದು ಹೊಸ ಆರೋಪ.

ಇದೇ ಹೊತ್ತಿಗೆ ಬೋರಗಾಂವದಲ್ಲಿ ಬೀಗರ ಮನೆಯ ಮದುವೆ ಬಂತು. ಮಾಮಾ ತಮ್ಮದೇ ಡಬ್ಬಿಯಲ್ಲಿ ಜೋಳದ ನುಚ್ಚು ಕಟ್ಟಿಸಿಕೊಂಡು ಬಂದು ಪಂಕ್ತಿಯಲ್ಲಿ ಕೂತರು. ಎಲ್ಲರ ಎಲೆಗೆ ಜಿಲೇಬಿ, ಮಸಾಲೆ ಬದನೆಕಾಯಿ, ಪೂರಿ. ಇವರು ಎಲೆಯನ್ನು ಪಕ್ಕಕ್ಕೆ ಸರಿಸಿ ಡಬ್ಬಿ ಬಿಚ್ಚಿದರು. ಪಕ್ಕದವನು ಜಿಲೇಬಿಯನ್ನು ಬಾಯಿಯ ಹತ್ತಿರ ಒಯ್ದವನು ಅಲ್ಲೇ ನಿಲ್ಲಿಸಿದ. ಅವನ ಪಕ್ಕದವನೂ ನಿಲ್ಲಿಸಿದ. ಸಾವಕಾರರಿಗೆ ಏನೋ ಗೊತ್ತಿರಬೇಕು! ಮಗ್ಗದ ಮಾಲಕರೊಬ್ಬರು ಮೆಲ್ಲಗೆ ಬಾಗಿ, "ಕಾಯ ಹೋ ಪಾಹುಣೆ, ಜೇವಣಾತ ಕಾಹೀ ಆಹೇ ಕಾ?" ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ಊಟದಲ್ಲಿ ಏನಾದರೂ ಇದೆಯೇ ಎಂದು ಅವರ ಆತಂಕ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾಮಾ ನುಚ್ಚು ಅಗಿಯುತ್ತ, "ಇದ್ದರೂ ಇರಬಹುದ್ರಿ" ಎಂದರು. ಇಡೀ ಪಂಕ್ತಿ ಕೈ ತೊಳೆಯಿತು! ಹುಡುಗಿಯ ಅಪ್ಪ ಅಳುವುದೊಂದು ಬಾಕಿ. ಮಾಮಿ ಎರಡು ಪಂಕ್ತಿಯ ಜಿಲೇಬಿಯನ್ನು ಎಲ್ಲರ ಎದುರಿಗೇ ತಿಂದು ತೋರಿಸಿ ಮಾನ ಉಳಿಸಿದಳು. ಅಂದು ರಾತ್ರಿ ಎದೆಯುರಿ ಬಂದದ್ದು ಮಾಮಿಗೆ.

ಮಂಚ ಕೈಕೊಟ್ಟ ಮೇಲೆ ಮಾಮಾ ಕೂತೇ ಮಲಗಲು ಶುರುಮಾಡಿದರು. ಪಡಸಾಲೆಯ ಗೋಡೆಗೆ ದೊಡ್ಡ ಲೋಡು ಆನಿಸಿ, ಚಕ್ಕಳಮಕ್ಕಳ ಹಾಕಿ, ಶಾಲು ಹೊದ್ದು, ತಲೆ ಹಿಂದಕ್ಕೆ ವಾಲಿಸುವರು. ಮಲಗುವ ಮುಂಚೆ ಹಣೆತುಂಬ ವಿಭೂತಿ ಹಚ್ಚುವುದು ಅವರ ಮೊದಲಿನ ರೂಢಿ. ಈಗ ನಿಮಗೆ ಒಂದು ಮಾತು ಹೇಳಬೇಕು. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಶಾಲು ಹೊದಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಣ್ಣು ಮಾಡುವುದೂ ಹಾಗೆ ಕೂಡಿಸಿಯೇ. ಇನ್ನು ಮುಂದಿನದನ್ನು ನೀವೇ ಊಹಿಸಿಕೊಳ್ಳಬಹುದು.

ಒಂದು ಮುಂಜಾನೆ ಪಕ್ಕದ ಮನೆಯ ಗಂಗವ್ವ ಹಾಲಿಗೆ ಹೆಪ್ಪು ಕೇಳಲು ಬಂದಳು. ರಾತ್ರಿಯೆಲ್ಲ ತೇಗಿ ಬೆಳಗಿನ ಜಾವ ಮಾಮಾನಿಗೆ ಆಗಷ್ಟೇ ಜೊಂಪು ಹತ್ತಿತ್ತು. ಬಾಯಿ ತೆರೆದಿತ್ತು. ಪೂಜೆಗೆಂದು ತಂದ ಚೆಂಡುಹೂವಿನ ಸರವನ್ನು ಮಾಮಿ ಅವರ ತಲೆಯ ಮೇಲಿನ ಗೂಟಕ್ಕೇ ನೇತುಹಾಕಿದ್ದಳು. ಗಂಗವ್ವ ಹೊಸಿಲು ದಾಟಿದವಳು ಬಟ್ಟಲು ಬಿಟ್ಟು ಎದೆ ಬಡಿದುಕೊಂಡಳು.

"ಅಯ್ಯೋ ನಮ್ಮಪ್ಪಾ! ನಮ್ಮ ಓಣಿ ದೀಪಾ ಆರಿತಲ್ಲೋ! ನಿನ್ನೀನ ನನ್ನ ಕುರಿ ಹೊಡದಿದ್ದೆಲ್ಲೋ ಸಾವಕಾರಾ!"

ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದ ಮಾಮಿಯೂ, ನೀರು ತರಲು ಹೋಗಿದ್ದ ನಾನೂ ಕೂಗು ಕೇಳಿ ಓಡಿ ಬರುವಷ್ಟರಲ್ಲಿ ಪಡಸಾಲೆ ತುಂಬಿತ್ತು. ಯಾರೋ ಮಠದ ಅಯ್ಯನವರಿಗೆ ಹೇಳಿಕಳಿಸಿದ್ದರು. ಭಜನಿ ಮೇಳದವನೊಬ್ಬ ತಾಳ ಹಿಡಿದು ಒಂದು ಪದ ಎತ್ತಿಯೂಬಿಟ್ಟಿದ್ದ. ಈ ಗದ್ದಲಕ್ಕೆ ಮಾಮಾನಿಗೆ ಎಚ್ಚರವಾಗಲಿಲ್ಲವೇ? ಎಚ್ಚರವಾಗಿತ್ತು! ಆದರೆ ಅವರು ಕಣ್ಣು ತೆರೆಯಲಿಲ್ಲ. ಯಾರು ನಿಜವಾಗಿ ಅಳುತ್ತಾರೆ, ಯಾರು ಸುಳ್ಳು ಅಳುತ್ತಾರೆ ಎಂದು ತಿಳಿಯಲು ಸಂಶಯದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಕ್ಕೀತೇ? ಕಿವಿ ನಿಗುರಿಸಿಕೊಂಡು ಸತ್ತವರ ಹಾಗೆ ಕೂತರು. ನೆರೆಹೊಲದವನೊಬ್ಬ ಮೂಗು ಸೀನುತ್ತ ಪಕ್ಕದವನಿಗೆ, "ಭಾಳ ಚಲೋ ಮನಶ್ಯಾ. ಇವರ ಬಾವಿ ಮೋಟಾರ ಇನ್ನ ಯಾರ ನಡಸ್ತಾರೋ? ಕೊಡೂದಿದ್ರ ನನ್ನ ಕಡೆ ಹೇಳ" ಎಂದ.

ಅಷ್ಟರಲ್ಲಿ ಒಳಗಿನಿಂದ ಆಯಿ ಕೋಲೂರಿಕೊಂಡು ಬಂದಳು. ಜನ ದಾರಿ ಬಿಟ್ಟರು, ಹೆಂಗಸರ ಅಳು ಜೋರಾಯಿತು. ಆಯಿ ಮಗನ ಮುಖವನ್ನು ಒಮ್ಮೆ ನೋಡಿದಳು.

"ಸತ್ತಿಲ್ಲ ಬಿಡ್ರಿ," ಎಂದಳು. "ಅಂವ ಇನ್ನೂ ಉಂಡಿಲ್ಲ."

ಆಗ ಮಾಮಾನ ಹೊಟ್ಟೆಯಿಂದ ಒಂದು ತೇಗು ಹೊರಟಿತು ನೋಡಿ! ತಾಳ ಹಿಡಿದವನ ತಾಳ ಕೈಯಿಂದ ಜಾರಿತು. ಗಂಗವ್ವ ಹೆಪ್ಪನ್ನೂ ಮರೆತು ಓಡಿದಳು. ಮಾಮಾ ಕಣ್ಣು ಬಿಟ್ಟವರೇ ನೆರೆಹೊಲದವನ ಕಡೆ ಬೆರಳು ತೋರಿಸಿ, "ಮೋಟಾರ ನಾನ ನಡಸ್ತೇನಿ" ಎಂದರು. ಅವನು ಮುಂದಿನ ಸುಗ್ಗಿಯವರೆಗೆ ನಮ್ಮ ಬದುವಿನ ಕಡೆ ಬರಲಿಲ್ಲ. ಆಯಿಯ ಮಾತಿಗೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಮಾ ಒಬ್ಬರೇ ನಗಲಿಲ್ಲ.

ಇತ್ತ ಮಾಮಿಯ ತಲೆಯಲ್ಲೂ ಸಂಶಯದ ಬೀಜ ಮೊಳೆತಿತ್ತು. ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ ಗಂಡನ ಗುಣ ಹೆಂಡತಿಗೆ ಸ್ವಲ್ಪವಾದರೂ ಹತ್ತದೇ ಇರುತ್ತದೆಯೇ? ಹೊತ್ತು ಮುಳುಗುವ ಮೊದಲೇ ನುಚ್ಚು, ಅದರ ಮೇಲೆ ಗುಳಿಗೆ. ಇಷ್ಟಾದರೂ ಉರಿ ಕಡಿಮೆಯಾಗುವುದಿಲ್ಲ ಅಂದರೆ ಏನರ್ಥ? ಮೇಲಾಗಿ ಅಡುಗೆಮನೆ ಗೋಡೆಯ ಗೂಡಿನಲ್ಲಿದ್ದ ರಂಜಕದ ಭರಣಿ ತಾನಾಗಿ ಇಳಿಯತೊಡಗಿತ್ತು. ರಂಜಕವೆಂದರೆ ಹಣ್ಣಾದ ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಲಿಂಬೆಹುಳಿ, ಉಪ್ಪು ಹಾಕಿ ಆಯಿ ತನ್ನ ಕೈಯಾರೆ ರುಬ್ಬಿ ಇಡುವ ಚಟ್ನಿ. ನಾಲಿಗೆಗೆ ತಾಗಿದರೆ ಕಿವಿಯಲ್ಲಿ ಗಂಟೆ ಬಾರಿಸುತ್ತದೆ. ಮಾಮಿ ಭರಣಿಯ ಮೈಮೇಲೆ ಅರಿಸಿನದ ಗೆರೆ ಎಳೆದಳು. ಮರುದಿನ ರಂಜಕ ಗೆರೆಯ ಕೆಳಗಿತ್ತು. ಬುಟ್ಟಿಯಲ್ಲಿ ಮಿಕ್ಕಿದ ರೊಟ್ಟಿಯಲ್ಲೂ ಒಂದು ಕಡಿಮೆ.

ಮಾಮಿ ನನ್ನ ಹತ್ತಿರ ಬಂದು ಕೂತಳು. "ಅಕ್ಕೋರ, ಹಸಿವಾದ್ರ ಕೇಳಿ ತಿನ್ನಬೇಕವ್ವಾ. ಇದು ನಿಮ್ಮ ಮನೀನ."

ನಾನು! ಈ ಮನೆಯ ಸಂಶಯ ತಿರುಗಿ ತಿರುಗಿ ನನ್ನ ತಲೆಯ ಮೇಲೆಯೇ ಬಂದು ಕೂರಬೇಕೇ? ನನಗೆ ಸಿಟ್ಟು ನೆತ್ತಿಗೇರಿತು. ಕಳ್ಳನನ್ನು ಹಿಡಿದುಕೊಡದಿದ್ದರೆ ನಾನು ಅಕ್ಕೋರೇ ಅಲ್ಲ ಎಂದು ಶಪಥ ಮಾಡಿದೆ. ಮಾಮಿಗೆ ಬೇಕಾದದ್ದೂ ಅದೇ. "ಹಂಗಾರ ನೀವ ಕಾಯ್ರಿ. ನನಗ ನಮ್ಮವರ ಮ್ಯಾಲನ ಸಂಶೆ ಐತಿ. ಹಿಡದ ಕೊಟ್ರ ಕೊಕಟನೂರ ಎಲ್ಲವ್ವಗ ಉಡಿ ತುಂಬತೇನಿ" ಎಂದಳು.

ಅಂದು ಊಟ ಮುಗಿದು ಎಲ್ಲರೂ ಮಲಗಿದ ಮೇಲೆ ನಾನು ಪಡಸಾಲೆಯ ಪಕ್ಕದ ಕೋಣೆಯ ಬಾಗಿಲು ಮುಂದೆ ಮಾಡಿ ಸಂದಿಯಲ್ಲಿ ಕಣ್ಣಿಟ್ಟು ಕೂತೆ. ಕರೆಂಟು ಎಂದಿನಂತೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಡೆ ಸಪ್ಪಳವಾಯಿತು. ಸಿಕ್ಕ ಕಳ್ಳ ಎಂದುಕೊಂಡೆ. ಬಂದವಳು ಆಯಿ. ಒಂದು ಕೈಯಲ್ಲಿ ಚಿಮಣಿ ಬುಡ್ಡಿ, ಇನ್ನೊಂದು ಕೈಯಲ್ಲಿ ಗಂಗಾಳ. ಗಂಗಾಳದಲ್ಲಿ ರೊಟ್ಟಿ, ಅದರ ಮೇಲೆ ರಂಜಕ, ರಂಜಕದ ಮೇಲೆ ಎಣ್ಣೆ.

"ಏಳೋ ಮಗನ," ಎಂದಳು. "ನೀರ ಹಾಸಿ ಬಂದಾಂವ ಹಂಗ ಮಲಗಿದಿಯಲ್ಲೋ. ಉಂಡಿಲ್ಲ ನೀ."

ಪ್ರಾಯದಲ್ಲಿ ಮಾಮಾ ಕಬ್ಬಿಗೆ ರಾತ್ರಿ ನೀರು ಹಾಯಿಸಿ ತಡವಾಗಿ ಮನೆಗೆ ಬರುತ್ತಿದ್ದರಂತೆ, ಆಯಿ ಕಾದು ಕೂತು ಉಣಿಸುತ್ತಿದ್ದಳಂತೆ. ಅವ್ವ ಹೇಳಿದ್ದು ನೆನಪಾಯಿತು. ಅದು ಎಷ್ಟೋ ಕಾಲದ ಹಿಂದಿನ ಮಾತು. ಅಂದು ಸಂಜೆ ಅದೇ ಆಯಿಯ ಎದುರಿಗೇ ಕೂತು ಮಾಮಾ ನುಚ್ಚು ಉಂಡಿದ್ದರು.

ಮಾಮಾ ಕಣ್ಣು ಬಿಟ್ಟು ನೆಟ್ಟಗೆ ಕೂತರು. ಕೈ ತೊಳೆದುಕೊಂಡರು. ಮೊದಲು ನೀ ಒಂದು ತುತ್ತು ತಿನ್ನು ಎನ್ನಲಿಲ್ಲ. ಎಣ್ಣೆ ಯಾವುದು, ಖಾರ ಎಷ್ಟು ಎಂದು ಕೇಳಲಿಲ್ಲ. ರೊಟ್ಟಿ ಮುರಿದು ರಂಜಕಕ್ಕೆ ಅದ್ದಿ ಬಾಯಿಗಿಟ್ಟುಕೊಂಡರು.

"ಹೆಂಗ ಆಗೈತಿ?"

"ಚಲೋ ಆಗೈತಿ ಯವ್ವಾ."

ಗಂಗಾಳದ ತಳ ಕಾಣುವವರೆಗೂ ಆಯಿ ಎದುರಿಗೆ ಕೂತಿದ್ದಳು. ಆಮೇಲೆ ಮಗನ ತಲೆ ಸವರಿ ಒಳಗೆ ಹೋದಳು. ಮಾಮಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಉರಿಗಾಗಿ ಕಾಯುತ್ತ ಕೂತರು. ನಾನು ಬಾಗಿಲ ಹಿಂದೆ ಅಳುತ್ತಿದ್ದೆ.

ಅಳುವಾಗ ಮೂಗು ಸೀನುವುದು ನನ್ನ ಕೆಟ್ಟ ಅಭ್ಯಾಸ, ಅದು ಮಾಮಾನ ಕಿವಿಗೆ ಬಿದ್ದಿತ್ತು. ಮರುದಿನ ಮಾಮಾ ದ್ರಾಕ್ಷಿ ತೋರಿಸುವ ನೆಪ ಮಾಡಿ ನನ್ನನ್ನು ತೋಟಕ್ಕೆ ಕರೆದೊಯ್ದರು. ಬಳ್ಳಿಯ ಚಪ್ಪರದ ಕೆಳಗೆ ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಅಕ್ಕೋರ ಎನ್ನುವುದನ್ನು ಬಿಟ್ಟು ಮಾತಾಡಿದರು.

"ತಂಗಿ, ಒಮ್ಮಿ ಹೇಳಿದ್ನಿ ಆಕಿಗೆ, ನಾ ಉಂಡೇನಿ ಯವ್ವಾ ಅಂತ. ಗಂಗಾಳ ಹಿಡಕೊಂಡ ಹಂಗ ನಿಂತಳು. ನಾ ಮರತೇನೇನೋ, ನನ್ನ ತಲಿ ಹೋತೇನೋ ಅಂದ್ಳು. ಬೆಳತನಕಾ ಮಲಗಲಿಲ್ಲ, ಮನಿ ಮಂದಿ ಹೆಸರ ಒಂದೊಂದ ಹೇಳ್ಕೋತ ಕುಂತ್ಳು, ಮರತಿಲ್ಲ ಅಂತ ನೋಡ್ಕೊಳ್ಳಾಕ. ನನ್ನ ಎದಿ ಉರದ್ರ ಬೆಳಕ ಹರಿಯೂತನಕಾ ಉರೀತೈತಿ. ಆಕಿ ಮಾರಿ ಹಂಗ ಆದದ್ದನ್ನ ನಾ ಇನ್ನೊಮ್ಮಿ ನೋಡಾಂಗಿಲ್ಲ."

"ಮತ್ತ ಎಲ್ಲಾರ ಮ್ಯಾಲೂ ಯಾಕ ಸಂಶೆ ಹಾಕಿದ್ರಿ ಮಾಮಾ? ಮಾಮಿ ಮ್ಯಾಲ, ಡಾಕ್ಟರ ಮ್ಯಾಲ, ಆ ಎಮ್ಮಿ ಮ್ಯಾಲ?"

"ಎಲ್ಲಾರ ಮ್ಯಾಲೂ ಹಾಕಿದ್ರ ಆಕಿ ಮ್ಯಾಲ ಯಾರಿಗೂ ಬರಾಂಗಿಲ್ಲ."

ಮಾಮಿಗಾದರೂ ಹೇಳಬಹುದಲ್ಲ ಎಂದೆ. ಹೇಳಿದರೆ ಕಾಳಜಿಗೆಂದೇ ಆಯಿಯನ್ನು ಒಲೆಯ ಹತ್ತಿರ ಬಿಡುವುದಿಲ್ಲ, ರಂಜಕದ ಭರಣಿ ಕಸಿದುಕೊಳ್ಳುತ್ತಾರೆ, ಮಾತಿಗೊಮ್ಮೆ ನಿನಗೆ ನೆನಪಿಲ್ಲ ಸುಮ್ಮನಿರು ಎನ್ನುತ್ತಾರೆ ಎಂದರು. ಮಿರಜಿನ ನಳಿಗೆಯ ಗತಿ ಏನು ಎಂದೆ. ಅವರು ಬಳ್ಳಿಗೆ ಕೈ ಚಾಚಿದರು. ಒಂದು ದ್ರಾಕ್ಷಿ ಕಿತ್ತು, ಅದನ್ನು ಬಿಸಿಲಿಗೆ ಹಿಡಿದು ಅನುಮಾನದಿಂದ ನೋಡಿ, ನನ್ನ ಕೈಗಿಟ್ಟರು.

ನನ್ನ ಪಾಲಿಗೆ ನಾನೂ ಒಂದು ಉಪಾಯ ಮಾಡಿದೆ. ಟೊಮೆಟೊ ಬೇಯಿಸಿ, ಬೀಟ್‌ರೂಟ್ ತುರಿದು ಹಾಕಿ, ಕೆಂಪಗೆ ಕಾಣುವ ಸಪ್ಪೆ ಚಟ್ನಿಯೊಂದನ್ನು ಮಾಡಿ ಭರಣಿಯ ಮೇಲಿನ ಪದರಿಗೆ ಇಟ್ಟೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಆಯಿ ಭರಣಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದಳು. "ಥೂ! ಯಾವಾಕಿ ಮಾಡ್ಯಾಳಿದನ್ನ? ಬಾಣಂತಿಗೇನ ಇದು?" ಎಂದು ತಿಪ್ಪೆಗೆ ಚೆಲ್ಲಿ, ಅಂದೇ ಹೊಸ ಮೆಣಸಿನಕಾಯಿ ರುಬ್ಬಲು ಕೂತಳು. ವಾರ ಮರೆತಿದ್ದಳು, ತಿಥಿ ಮರೆತಿದ್ದಳು, ಖಾರ ಮಾತ್ರ ಮರೆತಿರಲಿಲ್ಲ. ಹೊಸ ರಂಜಕ ಹಳೆಯದಕ್ಕಿಂತ ಜೋರಾಗಿತ್ತು. ಅಂದು ರಾತ್ರಿ ಎಮ್ಮೆ ಎದ್ದು ನಿಂತದ್ದು ಮತ್ತೆ ಮಲಗಲೇ ಇಲ್ಲ. ಕಾದರೂ ಯಾರೂ ಸಿಗಲಿಲ್ಲ ಎಂದದ್ದಕ್ಕೆ ಮಾಮಿ ನನ್ನನ್ನು ಕೆಲಸಕ್ಕೆ ಬಾರದ ಪತ್ತೇದಾರಳೆಂದು ಬೈದು, ಭರಣಿಗೆ ಎಳೆಯುವ ಗೆರೆಯನ್ನು ಮುಂದುವರಿಸಿದಳು.

ಹೀಗೆಯೇ ದ್ರಾಕ್ಷಿ ಕೊಯ್ಲು ಮುಗಿಯಿತು. ಮಾಮಾ ಸೊರಗಿದರು. ಡಾಕ್ಟರು ಇನ್ನು ತಡಮಾಡಬೇಡಿ ಎಂದು ಮಿರಜಿಗೆ ಚೀಟಿ ಬರೆದುಕೊಟ್ಟರು. ಮಾಮಿ ಪ್ರತಿ ಮುಂಜಾನೆ ಕೇಳುವಂತೆ ಅಂದೂ ಚಹಾದ ಕಪ್ಪು ಹಿಡಿದು ಕೇಳಿದಳು.

"ನಿನ್ನಿ ರಾತ್ರಿ ಹೆಂಗಿತ್ತ್ರಿ?"

ಮಾಮಾ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. "ಎದಿ ಉರೀಲಿಲ್ಲ" ಎಂದರು.

ಮಾಮಿಗೆ ಕೇಳಿದ್ದು ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಅದೇ ಉತ್ತರ. ಕಪ್ಪನ್ನು ಅಲ್ಲೇ ಇಟ್ಟು ಒಳಗೆ ಓಡಿದಳು, ದೇವರಿಗೆ ಸಕ್ಕರೆ ಇಟ್ಟಳು, ಗೋಡೆಯ ಮೇಲಿಂದ ಗಂಗವ್ವನನ್ನು ಕರೆದು, "ನಮ್ಮವರಿಗೆ ಆರಾಮ ಆತ ನೋಡ! ಒಂದ ತೇಗ ಇಲ್ಲ!" ಎಂದು ಸಾರಿದಳು. ನಾನೂ ಖುಷಿಯಿಂದಲೇ ಮಾಮಾನ ಹತ್ತಿರ ಹೋದೆ. ಹತ್ತಿರ ಹೋದ ಮೇಲೆ ಅವರ ಮುಖ ನೋಡಿದೆ. ಒಂದು ರಾತ್ರಿಯಲ್ಲಿ ಮುದುಕರಾಗಿದ್ದರು.

"ನಿನ್ನಿನೂ ಬಂದಿದ್ಳು ತಂಗಿ," ಎಂದರು. "ಗಂಗಾಳ ತಗೊಂಡ, ದೀಪಾ ತಗೊಂಡ. ನಾ ನೆಟ್ಟಗ ಕುಂತ್ನಿ. ನನ್ನ ಮಾರಿ ಮುಂದ ದೀಪಾ ಹಿಡದ ಭಾಳೊತ್ತ ನೋಡಿದ್ಳು. ನೀವ್ಯಾರ್ರಿ ಅಂದ್ಳು."

ನಾನು ಕಟ್ಟೆಯ ಮೇಲೆ ಅವರ ಪಕ್ಕ ಕೂತೆ.

"ರೀ ಅಂದ್ಳು ತಂಗಿ, ನನಗ. ಯವ್ವಾ, ನಾನ ಅಂದ್ನಿ. ಆಕಿ ಗಂಗಾಳ ಸೆರಗಿನಾಗ ಮುಚ್ಚಿಕೊಂಡ್ಳು. 'ಇದು ನನ್ನ ಮಗಗ ಇಟ್ಟದ್ದ್ರಿ. ಅಂವ ನೀರ ಹಾಸಾಕ ಹೋಗ್ಯಾನ, ಬಂದ ಮ್ಯಾಲ ಉಣ್ತಾನ' ಅಂದ್ಳು. ತಿರುಗಿ ಒಳಗ ಹೋದ್ಳು."

ಮಾಮಾ ಎರಡೂ ಅಂಗೈಯಿಂದ ಎದೆಯನ್ನು ಒತ್ತಿ ಹಿಡಿದುಕೊಂಡು ಅಳುತ್ತಿದ್ದರು. "ನಿನ್ನಿ ಉರದಿದ್ರ ಚಲೋ ಇತ್ತ" ಎಂದರು.

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಮಾಮಿಯ ದನಿ ಬಂತು. ಅಂಥ ಹುರುಪಿನ ದನಿಯನ್ನು ಆ ಮನೆಯಲ್ಲಿ ಎಷ್ಟೋ ದಿನಗಳಿಂದ ನಾನು ಕೇಳಿರಲಿಲ್ಲ.

"ಏನ್ರಿ, ಇವತ್ತ ಊಟಕ್ಕ ಏನ ಮಾಡ್ಲಿ?"

ಮಾಮಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

"ಏನರ ಮಾಡ," ಎಂದರು. "ಹಾಕಿದ್ದ ಉಣ್ತೇನಿ."